ಐಪ್ಯಾಡ್ ಕಚೇರಿಗೆ ಬಂದ ದಾರಿ: ಆಪಲ್–ಐಬಿಎಂ ಒಪ್ಪಂದದಲ್ಲಿ ಯಾರಿಗೆ ಎಷ್ಟು ದಕ್ಕಿತು?

ಜನಸಾಮಾನ್ಯರಿಗೆ ಫೋನು, ಟ್ಯಾಬ್ಲೆಟ್ ಮಾರುವ ಕಂಪನಿಯೊಂದು ಬ್ಯಾಂಕು, ವಿಮಾನಯಾನ ಸಂಸ್ಥೆಗಳಿಗೆ ಸಾಫ್ಟ್‌ವೇರ್ ಸೇವೆ ಕೊಡುವ ಕಂಪನಿಯ ಜತೆ ಕೈಕುಲುಕಿದಾಗ ಇಬ್ಬರೂ ಗೆದ್ದೆವೆಂದೇ ಹೇಳುತ್ತಾರೆ. ಪತ್ರಿಕಾ ಪ್ರಕಟಣೆ ಬರೆಯುವುದೇ ಅದಕ್ಕೆ. ನಿಜಕ್ಕೂ ಯಾರ ಕೈಗೆ ಎಷ್ಟು ಬಂತು ಎಂದು ತಿಳಿಯಲು ಕೆಲವು ವರ್ಷ ಕಾಯಬೇಕಾಗುತ್ತದೆ. 2014ರ ಜುಲೈ 15ರಂದು ಆಪಲ್ ಮತ್ತು ಐಬಿಎಂ ಪ್ರಕಟಿಸಿದ ಒಪ್ಪಂದಕ್ಕೆ ಈಗ ಅಷ್ಟು ವಯಸ್ಸಾಗಿದೆ. ಹಳೆಯ ಕಡತವನ್ನು ಈಗ ಬಿಚ್ಚಲು ಕಾರಣವಿದೆ. ಎಐ ಕಂಪನಿಗಳು ಮತ್ತು ಐಟಿ ಸೇವಾ ಕಂಪನಿಗಳು ಇವತ್ತು ಮಾಡಿಕೊಳ್ಳುತ್ತಿರುವ ಒಪ್ಪಂದಗಳು ಹೆಚ್ಚುಕಡಿಮೆ ಅದೇ ಅಚ್ಚಿನವು. ಅವುಗಳಲ್ಲಿ ಬೆಂಗಳೂರಿನ ಕಂಪನಿಗಳ ಪಾಲೂ ದೊಡ್ಡದು.

ಒಪ್ಪಂದದ ಹೂರಣ ಇಷ್ಟು. ಬ್ಯಾಂಕಿಂಗ್, ವಿಮೆ, ವಿಮಾನಯಾನ, ಚಿಲ್ಲರೆ ವ್ಯಾಪಾರ ಮುಂತಾದ ಕ್ಷೇತ್ರಗಳಿಗೆಂದೇ ನೂರಕ್ಕೂ ಹೆಚ್ಚು ಆ್ಯಪ್‌ಗಳನ್ನು ಐಬಿಎಂ ಕಟ್ಟಿಕೊಡಬೇಕು. ಐಫೋನ್, ಐಪ್ಯಾಡ್‌ಗಳನ್ನು ತನ್ನ ಗ್ರಾಹಕ ಕಂಪನಿಗಳಿಗೆ ತಾನೇ ಮಾರಬೇಕು. ಕಂಪನಿಗಳಿಗಾಗಿ ಆಪಲ್ ಹೊಸದಾಗಿ ತೆರೆದ ಸಪೋರ್ಟ್ ವ್ಯವಸ್ಥೆಯಲ್ಲಿ ಫೋನ್ ಎತ್ತುವವರು ಆಪಲ್‌ನವರು, ಸ್ಥಳಕ್ಕೆ ಹೋಗಿ ಸರಿಪಡಿಸುವವರು ಐಬಿಎಂನವರು. ಇಡೀ ಯೋಜನೆಗೆ ‘ಮೊಬೈಲ್‌ಫಸ್ಟ್ ಫಾರ್ ಐಒಎಸ್’ ಎಂದು ಹೆಸರಿಟ್ಟರು (ಐಒಎಸ್ ಎಂದರೆ ಐಫೋನ್, ಐಪ್ಯಾಡ್‌ಗಳನ್ನು ನಡೆಸುವ ಸಾಫ್ಟ್‌ವೇರ್). ಆಪಲ್‌ನ ಟಿಮ್ ಕುಕ್ ಮತ್ತು ಐಬಿಎಂನ ಅಂದಿನ ಮುಖ್ಯಸ್ಥೆ ಜಿನ್ನಿ ರೊಮೆಟ್ಟಿ ಜತೆಯಾಗಿ ನಡೆದುಬರುವ ಫೋಟೋ ಎಲ್ಲ ಕಡೆ ಅಚ್ಚಾಯಿತು. 1984ರಲ್ಲಿ ಆಪಲ್ ತನ್ನ ಮ್ಯಾಕಿಂಟಾಶ್ ಜಾಹೀರಾತಿನಲ್ಲಿ ಸರ್ವಾಧಿಕಾರಿಯಂತೆ ಬಿಂಬಿಸಿದ್ದು ಇದೇ ಐಬಿಎಂ ಅನ್ನು. ಅದನ್ನು ಎಲ್ಲರೂ ನೆನಪಿಸಿಕೊಂಡು ಬರೆದರು. ಇವೆರಡೂ 1991ರಲ್ಲೇ ಮೊಟೊರೊಲಾವನ್ನು ಸೇರಿಸಿಕೊಂಡು ಒಮ್ಮೆ ಕೂಡಿಕೆ ಮಾಡಿಕೊಂಡಿದ್ದವು, ಅದರಲ್ಲಿ ಪವರ್‌ಪಿಸಿ ಚಿಪ್ ಬಿಟ್ಟರೆ ಬೇರೇನೂ ಬಾಳಲಿಲ್ಲ ಎಂಬುದು ಮಾತ್ರ ಹೆಚ್ಚು ಜನರಿಗೆ ನೆನಪಿರಲಿಲ್ಲ.

ಆಪಲ್‌ಗೆ ಇದು ಯಾಕೆ ಬೇಕಿತ್ತು? ಸ್ಟೀವ್ ಜಾಬ್ಸ್‌ಗೆ ಕಂಪನಿಗಳಿಗೆ ಮಾರುವ ವ್ಯವಹಾರವೆಂದರೆ ಅಷ್ಟಕ್ಕಷ್ಟೆ. 2010ರಲ್ಲಿ ಸಮಾವೇಶವೊಂದರ ವೇದಿಕೆಯಲ್ಲೇ ಅದನ್ನು ಬಾಯಿಬಿಟ್ಟು ಹೇಳಿದ್ದರು. ಅಂಗಡಿಗೆ ಬರುವ ಗಿರಾಕಿ ತನಗೆ ಬೇಕಾದ್ದನ್ನು ತಾನೇ ಆರಿಸುತ್ತಾನೆ, ಕಂಪನಿಯಲ್ಲಾದರೆ ಬಳಸುವವನೊಬ್ಬ, ಆರಿಸುವವನು ಮತ್ತೊಬ್ಬ ಎಂಬುದು ಅವರ ಮಾತಿನ ತಿರುಳು. ಆದರೂ ಐಫೋನ್ ಕಚೇರಿಯೊಳಗೆ ನುಸುಳಿದ್ದು ಅವರ ಕಾಲದಲ್ಲೇ. 2008ರಲ್ಲಿ ಮೈಕ್ರೋಸಾಫ್ಟ್‌ನಿಂದ ಆಕ್ಟಿವ್‌ಸಿಂಕ್ ಲೈಸೆನ್ಸ್ ಪಡೆದು ಕಚೇರಿಯ ಮೇಲ್ ಐಫೋನ್‌ಗೆ ಬರುವಂತೆ ಮಾಡಿದ್ದಾಯಿತು. 2010ರ ಐಒಎಸ್ 4ರಲ್ಲಿ, ಐಟಿ ವಿಭಾಗದವರು ಕೂತಲ್ಲಿಂದಲೇ ಫೋನ್‌ಗಳನ್ನು ಹತೋಟಿಯಲ್ಲಿಡುವ ಸೌಲಭ್ಯ ಬಂತು. ನೌಕರರಿಗೆ ಬ್ಲ್ಯಾಕ್‌ಬೆರಿ ಫೋನ್ ಹಂಚಿದ್ದ ಕಂಪನಿಗಳಲ್ಲೂ ಮೇಲಿನ ಸಾಹೇಬರು ಸ್ವಂತ ಐಫೋನ್ ತಂದು ‘ಇದರಲ್ಲಿ ಮೇಲ್ ಬರೋ ಹಾಗೆ ಮಾಡಿಕೊಡಿ’ ಅಂದರೆ ಐಟಿಯವರು ಇಲ್ಲವೆನ್ನಲಾದೀತೇ?

ಹಾಗೆ ನುಸುಳಿದ ಫೋನು ಮೇಲ್ ಮತ್ತು ಕ್ಯಾಲೆಂಡರ್ ದಾಟಿ ಮುಂದೆ ಹೋಗಲಿಲ್ಲ. ಐಪ್ಯಾಡ್‌ನ ಪಾಡು ಇನ್ನೂ ಕಷ್ಟದ್ದು. 2013ರ ಹಣಕಾಸು ವರ್ಷದಲ್ಲಿ 7.1 ಕೋಟಿ ಐಪ್ಯಾಡ್ ಮಾರಿದ್ದ ಆಪಲ್, 2014ರಲ್ಲಿ 6.8 ಕೋಟಿಗೆ ಇಳಿಯಿತು. ಮನೆಗಳಲ್ಲಿ ಒಮ್ಮೆ ಕೊಂಡವರು ಮತ್ತೆ ಬೇಗ ಕೊಳ್ಳುತ್ತಿರಲಿಲ್ಲ. ಕಂಪನಿಗಳಿಗೆ ಸಾವಿರಗಟ್ಟಲೆ ಮಾರೋಣವೆಂದರೆ ಅದಕ್ಕೆ ಬೇಕಾದ ಜನಬಲ ಆಪಲ್ ಬಳಿ ಇರಲಿಲ್ಲ. ದೊಡ್ಡ ಬ್ಯಾಂಕೊಂದು ಖರೀದಿಗೆ ಮುನ್ನ ಮೂರು ವರ್ಷದ ಮುನ್ನೋಟ ಕೇಳುತ್ತದೆ, ಭದ್ರತೆಯ ಬಗ್ಗೆ ನೂರೆಂಟು ಪ್ರಶ್ನೆ ಕಳಿಸುತ್ತದೆ, ತನ್ನ ಹಳೆಯ ವ್ಯವಸ್ಥೆಗೆ ಇದನ್ನು ಹೊಂದಿಸುವವರು ಯಾರು ಎಂದು ವಿಚಾರಿಸುತ್ತದೆ. ಮುಂದಿನ ತಿಂಗಳು ಏನು ಬರಲಿದೆ ಎಂಬುದನ್ನೂ ಗುಟ್ಟಾಗಿಡುವ ಕಂಪನಿ ಇಂಥ ಗಿರಾಕಿಯನ್ನು ಸಂಭಾಳಿಸುವುದು ಹೇಗೆ? ಐಬಿಎಂ ಈ ಕೆಲಸವನ್ನು ದಶಕಗಳಿಂದ ಮಾಡಿಕೊಂಡು ಬಂದಿತ್ತು. ಆದರೆ ಅದು ತನ್ನ ಪಿಸಿ ವ್ಯವಹಾರವನ್ನು 2005ರಲ್ಲಿ ಲೆನೊವೊಗೆ ಮಾರಿ ಕೈತೊಳೆದುಕೊಂಡಿತ್ತು. ನೌಕರರ ಕೈಯಲ್ಲಿರುವ ಪರದೆಯ ಮೇಲೆ ಅದರ ಹೆಸರೇ ಇರಲಿಲ್ಲ. 2012ರಿಂದ ಆದಾಯ ಬೇರೆ ಇಳಿಮುಖ.

ಆ್ಯಪ್‌ಗಳ ಮೊದಲ ಕಂತು 2014ರ ಡಿಸೆಂಬರ್‌ನಲ್ಲಿ ಬಂತು. ಅದರಲ್ಲಿ ‘ಪ್ಲ್ಯಾನ್ ಫ್ಲೈಟ್’ ಎಂಬುದೊಂದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಂಥ ಒಪ್ಪಂದಗಳಲ್ಲಿ ನಿಜವಾದ ಕೆಲಸ ಎಲ್ಲಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ವಿಮಾನದ ಪೈಲಟ್ ಹಾರಾಟಕ್ಕೆ ಮುನ್ನ ಐಪ್ಯಾಡ್ ತೆರೆದರೆ ಆ ದಿನದ ವೇಳಾಪಟ್ಟಿ, ಹಾರಾಟದ ಯೋಜನೆ, ಸಿಬ್ಬಂದಿ ಪಟ್ಟಿ ಒಂದೇ ಕಡೆ ಕಾಣುತ್ತವೆ. ಮಧ್ಯದಲ್ಲಿ ಏನಾದರೂ ಕೆಟ್ಟರೆ ಕೆಳಗಿನ ತಂಡಕ್ಕೆ ಅಲ್ಲಿಂದಲೇ ತಿಳಿಸಬಹುದು. ಮುಖ್ಯವಾದದ್ದು ಇಂಧನದ ಲೆಕ್ಕ. ನಿಯಮದ ಪ್ರಕಾರ ಇರಲೇಬೇಕಾದ ಇಂಧನದ ಮೇಲೆ, ತನ್ನ ವಿವೇಚನೆಯಂತೆ ಇನ್ನಷ್ಟು ತುಂಬಿಸಿಕೊಳ್ಳುವ ಅಧಿಕಾರ ಪೈಲಟ್‌ಗೆ ಇರುತ್ತದೆ. ಹೆಚ್ಚು ತುಂಬಿಸಿದರೆ ವಿಮಾನದ ತೂಕ ಏರುತ್ತದೆ, ಆ ತೂಕವನ್ನು ಹೊತ್ತು ಹಾರಲು ಮತ್ತೆ ಇಂಧನ ಸುಡುತ್ತದೆ. ಈ ನಿರ್ಧಾರಕ್ಕೆ ಬೇಕಾದ ಮಾಹಿತಿಯನ್ನು ಹೊತ್ತಿಗೆ ಸರಿಯಾಗಿ ಅವನ ಕಣ್ಣೆದುರು ಇಡುವುದು ಈ ಆ್ಯಪ್‌ನ ಉದ್ದೇಶ.

ಪರದೆಯ ಮೇಲೆ ಕಾಣುವುದು ನಾಲ್ಕೈದು ಪುಟ. ಅಂದವಾಗಿವೆ, ಬೆರಳಿಗೆ ಹಿತವಾಗಿವೆ. ಆ ಭಾಗದಲ್ಲಿ ಆಪಲ್‌ನ ಕೈಯಿತ್ತು. ಆದರೆ ಸಿಬ್ಬಂದಿಯ ಪಟ್ಟಿ ಒಂದು ಸಿಸ್ಟಮ್ಮಿನಿಂದ, ಹಾರಾಟದ ಯೋಜನೆ ಇನ್ನೊಂದರಿಂದ, ಹವಾಮಾನ ಮತ್ತೊಂದು ಕಂಪನಿಯಿಂದ ಬರಬೇಕು. ಅವುಗಳಲ್ಲಿ ಕೆಲವು ಆ್ಯಪ್ ಬರೆಯುವ ಹುಡುಗರು ಹುಟ್ಟುವ ಮೊದಲೇ ಓಡಲು ಶುರುವಾದ, ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್‌ಗಳಿರಬಹುದು. ಅವನ್ನೆಲ್ಲ ಬೆಸೆದು, ಯಾರಿಗೆ ಯಾವುದು ಕಾಣಬೇಕು ಯಾವುದು ಕಾಣಬಾರದು ಎಂದು ಲಾಗಿನ್ ಬಿಗಿಮಾಡಿ, ರಾತ್ರಿ ಎರಡು ಗಂಟೆಗೆ ಒಂದು ಕೊಂಡಿ ಕಳಚಿದರೆ ಅದರ ದೂರನ್ನು (ಐಟಿಯವರ ಮಾತಿನಲ್ಲಿ ‘ಟಿಕೆಟ್’) ತೆಗೆದುಕೊಂಡು ಸರಿಪಡಿಸುವುದು ಸೇವಾ ಕಂಪನಿಯ ಪಾಲಿನ ಕೆಲಸ. ಕಾಣುವುದು ಕಡಿಮೆ, ಬಿಲ್ ಆಗುವುದು ಹೆಚ್ಚು. ಬೆಂಗಳೂರಿನ ಯಾವುದೇ ಟೆಕ್ ಪಾರ್ಕ್‌ನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2015ರ ಡಿಸೆಂಬರ್ ಹೊತ್ತಿಗೆ ಆ್ಯಪ್‌ಗಳ ಸಂಖ್ಯೆ ನೂರು ಮುಟ್ಟಿತು. ಮಾತು ಕೊಟ್ಟಂತೆ ನಡೆಯಿತು, ಸರಿ. ಹಣದ ಕಥೆ ಏನಾಯಿತು?

2015ರ ಜೂನ್‌ಗೆ ಮುಗಿದ 12 ತಿಂಗಳಲ್ಲಿ ಕಂಪನಿಗಳಿಂದ ಬಂದ ಆದಾಯ 2,500 ಕೋಟಿ ಡಾಲರ್ ಎಂದು ಟಿಮ್ ಕುಕ್ ಆ ಸೆಪ್ಟೆಂಬರ್‌ನಲ್ಲಿ ಹೇಳಿದರು. ಆಪಲ್‌ನ ಒಟ್ಟು ಆದಾಯದಲ್ಲಿ ಅದು ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚು. ಅಷ್ಟೂ ಐಬಿಎಂನಿಂದ ಬಂದದ್ದಲ್ಲ. ಸಾಹೇಬರು ತಾವೇ ತಂದ ಐಫೋನ್‌ಗಳಿಂದ ಶುರುವಾದ ದಾರಿಯ ಪಾಲು ಅದರಲ್ಲಿ ದೊಡ್ಡದಿರಬೇಕು. ಐಪ್ಯಾಡ್ ಮಾರಾಟವಂತೂ ಚೇತರಿಸಿಕೊಳ್ಳಲಿಲ್ಲ. 2015ರಲ್ಲಿ ಸುಮಾರು 5.5 ಕೋಟಿ, 2016ರಲ್ಲಿ ಸುಮಾರು 4.6 ಕೋಟಿ ಎಂದು ಇಳಿಯುತ್ತಲೇ ಹೋಯಿತು. ಒಪ್ಪಂದದ ದಿನ ವಿಶ್ಲೇಷಕರು ಹಾಕಿದ್ದ ಲೆಕ್ಕಾಚಾರಗಳನ್ನು ಈಗ ತೆಗೆದು ಓದಿದರೆ ನಗು ಬರುತ್ತದೆ. ಅತ್ತ ಐಬಿಎಂ ಆದಾಯ 2012ರಿಂದ 2017ರ ಮೂರನೇ ತ್ರೈಮಾಸಿಕದವರೆಗೆ ಸತತ 22 ತ್ರೈಮಾಸಿಕ ಕುಸಿಯಿತು. ಒಪ್ಪಂದ ಆ ಓಟವನ್ನು ತಡೆಯಲಿಲ್ಲ.

ಹಾಗಾದರೆ ಇಬ್ಬರೂ ಸೋತರೇ? ನನಗೆ ಹಾಗನ್ನಿಸುವುದಿಲ್ಲ. ಆಪಲ್‌ಗೆ ಸಿಕ್ಕಿದ್ದು ಆ ವರ್ಷದ ಮಾರಾಟಕ್ಕಿಂತ ಬೆಲೆಬಾಳುವ ಸರಕು: ದೊಡ್ಡ ಕಂಪನಿಗಳ ಖರೀದಿ ವಿಭಾಗದ ನಂಬಿಕೆ. ‘ಐಬಿಎಂ ಜವಾಬ್ದಾರಿ ಹೊತ್ತಿದೆ’ ಎಂಬ ಒಂದು ಸಾಲು ಕಡತದಲ್ಲಿದ್ದರೆ ಸಾಕು, ಐಪ್ಯಾಡನ್ನು ಆಟಿಕೆ ಎನ್ನುತ್ತಿದ್ದವರ ಬಾಯಿ ಮುಚ್ಚುತ್ತಿತ್ತು. ಆ ನಂಬಿಕೆ ಒಮ್ಮೆ ಕುದುರಿದ ಮೇಲೆ ಆಪಲ್ ಅದನ್ನು ಐಬಿಎಂ ಒಬ್ಬರಿಗೇ ಮೀಸಲಿಡಲಿಲ್ಲ. 2014ರ ಪ್ರಕಟಣೆ ಈ ಕೂಡಿಕೆಯನ್ನು ‘ಎಕ್ಸ್‌ಕ್ಲೂಸಿವ್’ ಎಂದೇ ಕರೆದಿತ್ತು. ಆದರೂ 2015ರ ಆಗಸ್ಟ್‌ನಲ್ಲಿ ನೆಟ್‌ವರ್ಕ್ ಉಪಕರಣ ಮಾಡುವ ಸಿಸ್ಕೊ ಬಂತು, 2016ರ ಮೇನಲ್ಲಿ ಉದ್ಯಮ ಸಾಫ್ಟ್‌ವೇರ್‌ನ ಸ್ಯಾಪ್, ಸೆಪ್ಟೆಂಬರ್‌ನಲ್ಲಿ ಸಲಹಾ ಸಂಸ್ಥೆ ಡೆಲಾಯ್ಟ್. 2017ರಲ್ಲಿ ಐಟಿ ಸೇವೆಯ ಅಕ್ಸೆಂಚರ್ ಮತ್ತು ಭಾರೀ ಯಂತ್ರಗಳನ್ನು ಮಾಡುವ ಜಿಇ, 2018ರಲ್ಲಿ ಸಾಫ್ಟ್‌ವೇರ್ ಕಂಪನಿ ಸೇಲ್ಸ್‌ಫೋರ್ಸ್. ಮದುವೆ ದಲ್ಲಾಳಿಗೆ ಧಾರೆಯ ದಿನದವರೆಗೆ ಮಾತ್ರ ಉಪಚಾರ ಅನ್ನುವಂತಾಯಿತು ಐಬಿಎಂ ಸ್ಥಿತಿ.

ಈ ಸಾಲಿನಲ್ಲಿ ಸ್ಯಾಪ್ ಒಪ್ಪಂದ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಲೆಕ್ಕಪತ್ರ, ದಾಸ್ತಾನು, ಸಂಬಳ ಎಂದು ಜಗತ್ತಿನ ದೊಡ್ಡ ಕಂಪನಿಗಳ ದಿನನಿತ್ಯದ ವ್ಯವಹಾರ ಕೂತಿರುವುದೇ ಸ್ಯಾಪ್ ಒಳಗೆ. ಅದರ ಮೇಲೆ ಐಫೋನ್ ಆ್ಯಪ್ ಕಟ್ಟಲು ಬೇಕಾದ ಸಿದ್ಧ ಸಲಕರಣೆಗಳ ಕಿಟ್ ಅನ್ನು ಎರಡೂ ಕಂಪನಿ ಸೇರಿ 2017ರ ಮಾರ್ಚ್ ಕೊನೆಯಲ್ಲಿ ಬಿಡುಗಡೆ ಮಾಡಿದವು. ಅಲ್ಲಿಗೆ, ಐಬಿಎಂ ತಾನೊಬ್ಬನೇ ಕಟ್ಟಿಕೊಡುತ್ತಿದ್ದ ಸೇತುವೆಯ ಕಲ್ಲು, ಗಾರೆ ಎಲ್ಲರಿಗೂ ಸಿಗುವಂತಾಯಿತು. ಯಾವುದೇ ಊರಿನ ಯಾವುದೇ ಸೇವಾ ಕಂಪನಿ ನಾಲ್ಕು ಜನ ಡೆವಲಪರ್‌ಗಳನ್ನು ಕೂರಿಸಿ ಅದೇ ಕೆಲಸ ಮಾಡಬಹುದಿತ್ತು. ಜರ್ಮನಿಯಿಂದಾಚೆ ಸ್ಯಾಪ್‌ನ ಅತಿದೊಡ್ಡ ಸಂಶೋಧನಾ ನೆಲೆ ಇರುವುದು ಬೆಂಗಳೂರಿನಲ್ಲಿ. ಐಒಎಸ್ ಡೆವಲಪರ್‌ಗಳಿಗೆ ತರಬೇತಿ ಕೊಡುವ ಆ್ಯಪ್ ಆಕ್ಸಿಲರೇಟರ್ ಅನ್ನು ಆಪಲ್ ಬೆಂಗಳೂರಿನಲ್ಲಿ ತೆರೆದದ್ದೂ 2017ರಲ್ಲೇ. ಎರಡಕ್ಕೂ ನೇರ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಸಾಧನ ಮಾಡುವವರಿಗೆ ಬೇಕಾದದ್ದು ಒಬ್ಬ ದೊಡ್ಡ ಪಾಲುದಾರನಲ್ಲ, ತಮ್ಮ ಸಾಧನಕ್ಕೆ ಕೋಡ್ ಬರೆಯಬಲ್ಲ ಲಕ್ಷಾಂತರ ಕೈಗಳು ಎಂಬುದು ಎರಡರಲ್ಲೂ ಕಾಣುತ್ತದೆ.

ಸಿಸ್ಕೊದ್ದು ಬೇರೆ ರೀತಿ. ಕಚೇರಿಯ ವೈಫೈನಲ್ಲಿ ನೂರು ಜನ ಒಟ್ಟಿಗೆ ಜೋತುಬಿದ್ದಾಗ, ವ್ಯವಹಾರಕ್ಕೆ ಮುಖ್ಯವಾದ ಆ್ಯಪ್‌ಗೆ ಮೊದಲು ದಾರಿ ಬಿಡುವಂತೆ ಐಒಎಸ್ 10 ಮತ್ತು ಸಿಸ್ಕೊ ಉಪಕರಣಗಳು ಪರಸ್ಪರ ಮಾತಾಡಿಕೊಳ್ಳುವ ಏರ್ಪಾಡು ಅದು. 2018ರಲ್ಲಿ ಇವರ ಜತೆ ವಿಮೆ ವ್ಯವಹಾರದ ಅಲಿಯಾಂಜ್ ಮತ್ತು ಏಯಾನ್ ಸೇರಿ ಸೈಬರ್ ವಿಮೆಯನ್ನೂ ತಂದವು. ಆಪಲ್ ಮತ್ತು ಸಿಸ್ಕೊ ಉಪಕರಣ ಬಳಸುವವರಿಗೆ ವಿಮೆಯ ಷರತ್ತು ಸಡಿಲವಾಗಿತ್ತು. ಜಿಇ ಒಪ್ಪಂದ ಪ್ರಕಟವಾದಾಗ 3.3 ಲಕ್ಷಕ್ಕೂ ಹೆಚ್ಚು ನೌಕರರಿಗೆ ಐಫೋನ್, ಐಪ್ಯಾಡ್‌ಗಳೇ ಕಂಪನಿಯ ಅಧಿಕೃತ ಸಾಧನ ಎಂಬ ಸುದ್ದಿ ಮೆರೆಯಿತು. ಆದರೆ ಒಪ್ಪಂದದ ಹೃದಯವಾಗಿದ್ದದ್ದು ಯಂತ್ರಗಳ ಮಾಹಿತಿ ಸಂಗ್ರಹಿಸುವ ಜಿಇಯ ಪ್ರೆಡಿಕ್ಸ್ ವೇದಿಕೆ. ಮರುವರ್ಷವೇ ಜಿಇ ತನ್ನ ಡಿಜಿಟಲ್ ವ್ಯವಹಾರವನ್ನು ಬೇರೆ ಕಂಪನಿಯಾಗಿ ಮಾಡುವುದಾಗಿ ಹೇಳಿತು. ಪಾಲುದಾರನ ಮನೆಯೇ ಅಲುಗಾಡಿದರೆ ಒಪ್ಪಂದದ ಕಾಗದ ಏನು ಮಾಡೀತು?

ಐಬಿಎಂಗೆ ನಿಜವಾಗಿ ದಕ್ಕಿದ್ದು, ನನ್ನ ಲೆಕ್ಕದಲ್ಲಿ, ಮಾರಲು ಹೊರಟ ನೂರು ಆ್ಯಪ್‌ಗಳಲ್ಲ, ತನ್ನದೇ ನೌಕರರ ಮೇಲೆ ಮಾಡಿದ ಪ್ರಯೋಗ. 2015ರಲ್ಲಿ ಅದು ಬೇಕಾದವರು ಪಿಸಿ ಬದಲು ಮ್ಯಾಕ್ ಆರಿಸಿಕೊಳ್ಳಿ ಎಂದಿತು. ಹಳೆಯ ಪದ್ಧತಿಯಲ್ಲಿ ಹೊಸ ಲ್ಯಾಪ್‌ಟಾಪ್ ಬಂದರೆ ಐಟಿಯವರು ಡಬ್ಬ ಒಡೆದು, ಕಂಪನಿಯ ಸಾಫ್ಟ್‌ವೇರ್ ಹಾಕಿ, ಸ್ಟಿಕ್ಕರ್ ಅಂಟಿಸಿ, ಸಹಿ ಹಾಕಿಸಿಕೊಂಡು ಕೊಡುತ್ತಿದ್ದರು. ಇಲ್ಲಿ ಸೀಲ್ ಒಡೆಯದ ಡಬ್ಬವೇ ನೌಕರನ ಕೈ ಸೇರುತ್ತಿತ್ತು. ಅವನು ಅದನ್ನು ತೆರೆದು ವೈಫೈಗೆ ಜೋಡಿಸಿದೊಡನೆ ಯಂತ್ರವು ತನ್ನ ಸೀರಿಯಲ್ ನಂಬರ್ ಅನ್ನು ಆಪಲ್ ಸರ್ವರ್‌ಗೆ ತಿಳಿಸುತ್ತದೆ. ‘ನೀನು ಇಂಥ ಕಂಪನಿಗೆ ಸೇರಿದ್ದು’ ಎಂಬ ಉತ್ತರ ಬರುತ್ತದೆ. ಆಮೇಲೆ ಕಂಪನಿಯ ನಿಯಮ, ಪಾಸ್‌ವರ್ಡ್ ಷರತ್ತು, ಬೇಕಾದ ಆ್ಯಪ್‌ಗಳು ತಾವಾಗಿಯೇ ಇಳಿದುಕೊಳ್ಳುತ್ತವೆ. ಇದಕ್ಕೆ ಬೇಕಾದ ವ್ಯವಸ್ಥೆಯನ್ನು ಆಪಲ್ 2014ರಲ್ಲಿ ಶುರು ಮಾಡಿತ್ತು, ಮೇಲೆ ಜಾಮ್ಫ್ ಎಂಬ ಕಂಪನಿಯ ಸಾಫ್ಟ್‌ವೇರ್ ಇತ್ತು.

ಮ್ಯಾಕ್ ಬಳಸುವವರಲ್ಲಿ ನೂರಕ್ಕೆ 5 ಜನ ಮಾತ್ರ ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡುತ್ತಾರೆ, ಪಿಸಿಯವರಲ್ಲಿ 40 ಜನ ಎಂದು ಐಬಿಎಂ 2015ರಲ್ಲಿ ಹೇಳಿತು. ಮರುವರ್ಷ, ನಾಲ್ಕು ವರ್ಷದ ಅವಧಿಯಲ್ಲಿ ಒಂದೊಂದು ಮ್ಯಾಕ್‌ನಿಂದ 273ರಿಂದ 543 ಡಾಲರ್ ಉಳಿತಾಯ ಎಂದಿತು. ಈ ಅಂಕಿಗಳನ್ನು ಕೊಂಚ ಅನುಮಾನದಿಂದಲೇ ನೋಡಬೇಕು. ಮ್ಯಾಕ್ ಬೇಕೆಂದು ತಾವಾಗಿ ಮುಂದೆ ಬಂದವರು ಕಂಪ್ಯೂಟರ್ ಪಳಗಿದವರೇ ಇದ್ದಿರಬಹುದು. ಜತೆಗೆ, ಇದೇ ಸೇವೆಯನ್ನು ಬೇರೆ ಕಂಪನಿಗಳಿಗೆ ಮಾರುವ ಉಮೇದು ಐಬಿಎಂಗಿತ್ತು. ಹಾಗಿದ್ದರೂ, ಸೇವಾ ಕಂಪನಿಯೊಂದು ‘ನಾವೇ ಬಳಸಿ ನೋಡಿದ್ದೇವೆ’ ಎಂದು ಲೆಕ್ಕ ಸಮೇತ ಹೇಳಿದ್ದರ ತೂಕ ನೂರು ಆ್ಯಪ್‌ಗಳ ಪಟ್ಟಿಗಿಂತ ಹೆಚ್ಚು.

ಇನ್ನೊಂದು ಸೂಕ್ಷ್ಮವಿದೆ. ಮನೆಗಳಲ್ಲಿ ಮಾರಾಟವಾಗದ ಸಾಧನ ಎಷ್ಟೋ ಸಲ ‘ಉದ್ಯಮಕ್ಕಾಗಿ’ ಎಂಬ ಹಣೆಪಟ್ಟಿ ಹಚ್ಚಿಕೊಂಡು ಕಚೇರಿಯ ಬಾಗಿಲು ತಟ್ಟುತ್ತದೆ. ಕ್ಯಾಮೆರಾ ಇದ್ದ ಗೂಗಲ್ ಗ್ಲಾಸ್ ಕನ್ನಡಕವನ್ನು 1,500 ಡಾಲರ್‌ಗೆ ಕೊಂಡು ಹಾಕಿಕೊಂಡವರನ್ನು ಜನ ಗುಮಾನಿಯಿಂದ ನೋಡಿದರು. 2015ರ ಜನವರಿಯಲ್ಲಿ ಆ ಮಾರಾಟ ನಿಂತಿತು. 2017ರಲ್ಲಿ ಅದೇ ಕನ್ನಡಕ ಕಾರ್ಖಾನೆ, ಗೋದಾಮುಗಳ ನೌಕರರಿಗೆಂದು ಮರುಹುಟ್ಟು ಪಡೆದು, 2023ರ ಮಾರ್ಚ್‌ನಲ್ಲಿ ಅದೂ ಮುಗಿಯಿತು. ಕಣ್ಣಿಗೆ ಕಟ್ಟಿಕೊಳ್ಳುವ, 3,499 ಡಾಲರ್ ಬೆಲೆಯ ವಿಷನ್ ಪ್ರೊ 2024ರಲ್ಲಿ ಬಂದು ಎರಡೇ ತಿಂಗಳಿಗೆ ಆಪಲ್ ಅದರ ಉದ್ಯಮ ಬಳಕೆಯ ಉದಾಹರಣೆಗಳನ್ನು ಮುಂದಿಟ್ಟಾಗ ನನಗೆ ಗ್ಲಾಸ್ ನೆನಪಾಗಿತ್ತು. ಇಂಥ ಹೊತ್ತಿನಲ್ಲಿ ಸೇವಾ ಕಂಪನಿ ಪಾಲುದಾರನಾಗಿ ಸೇರುವುದೆಂದರೆ ಬೇರೆಯವರ ದಾಸ್ತಾನು ಖಾಲಿ ಮಾಡಿಕೊಡಲು ತನ್ನ ಹೆಸರನ್ನು ಒತ್ತೆಯಿಟ್ಟಂತೆ. ಸ್ಯಾಮ್ಸಂಗ್‌ಗೆ ಈ ಸಾಲದ ಹಂಗು ಕಡಿಮೆ. ಅದರ ಗುಂಪಿನಲ್ಲೇ 1985ರಿಂದ ಸ್ಯಾಮ್ಸಂಗ್ ಎಸ್‌ಡಿಎಸ್ ಎಂಬ ಐಟಿ ಸೇವಾ ಕಂಪನಿ ಇದೆ. ಒಂದೇ ಫೋನಿನಲ್ಲಿ ಕಚೇರಿಯದೊಂದು, ಖಾಸಗಿಯದೊಂದು ಖಾನೆ ಮಾಡಿಕೊಡುವ ನಾಕ್ಸ್ ವ್ಯವಸ್ಥೆಯನ್ನೂ 2013ರಲ್ಲಿ ಅದು ತಾನೇ ತಂದಿತು.

ಈಗ ಎಐ ಕಡೆಗೆ. ಓಪನ್‌ಎಐ ಕಂಪನಿಯ ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದಾಗ ಅದು ಅಪ್ಪಟ ಜನಬಳಕೆಯ ಸರಕು. ಶಾಲೆಯ ಹುಡುಗರಿಂದ ಹಿಡಿದು ಎಲ್ಲರೂ ಮೊಬೈಲ್‌ನಲ್ಲಿ ಆಡಿಸಿ ನೋಡಿದರು. ನೌಕರರು ಅದನ್ನು ಕಚೇರಿಗೆ ತಂದರು, ಐಫೋನ್ ಬಂದ ಹಾಗೇ. 2023ರ ಆಗಸ್ಟ್‌ನಲ್ಲಿ ಕಂಪನಿಗಳಿಗೆಂದೇ ಬೇರೆ ಆವೃತ್ತಿ ಬಂತು. 2024ರ ಮೇನಲ್ಲಿ ಲೆಕ್ಕಪರಿಶೋಧನೆ, ಸಲಹಾ ಸಂಸ್ಥೆ ಪಿಡಬ್ಲ್ಯುಸಿ ಅದರ ಅತಿದೊಡ್ಡ ಗ್ರಾಹಕನೂ ಆಯಿತು, ಅದನ್ನು ಇತರರಿಗೆ ಮಾರುವ ಮೊದಲ ಮಾರಾಟಗಾರನೂ ಆಯಿತು. ಮೊದಲು ತಾನು ಬಳಸು, ಆಮೇಲೆ ನಿನ್ನ ಗಿರಾಕಿಗೆ ಮಾರು: ಐಬಿಎಂ ಆಡಿದ ಪಾತ್ರವೇ ಇದು. 2025ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲ ಭಾರತಕ್ಕೆ ಬಂದಿದ್ದಾಗ ಇನ್ಫೋಸಿಸ್, ವಿಪ್ರೊ, ಟಿಸಿಎಸ್, ಕಾಗ್ನಿಜೆಂಟ್ ತಲಾ 50 ಸಾವಿರಕ್ಕೂ ಹೆಚ್ಚು ಕೋಪೈಲಟ್ (ಮೈಕ್ರೋಸಾಫ್ಟ್‌ನ ಎಐ ಸಹಾಯಕ) ಲೈಸೆನ್ಸ್ ಬಳಸಲಿವೆ ಎಂದು ಕಂಪನಿ ಪ್ರಕಟಿಸಿತು.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಐಪ್ಯಾಡ್ ಐಬಿಎಂನ ಕೆಲಸ ಕಿತ್ತುಕೊಳ್ಳುವಂಥದ್ದಾಗಿರಲಿಲ್ಲ. ಪೈಲಟ್‌ನ ಪರದೆಯ ಹಿಂದಿನ ಬೆಸುಗೆಗೆ ಜನ ಬೇಕೇ ಬೇಕಿತ್ತು, ಪರದೆಗಳು ಹೆಚ್ಚಿದಷ್ಟೂ ಆ ಕೆಲಸ ಹೆಚ್ಚುತ್ತಿತ್ತು. ಎಐ ಸಾಧನ ಹಾಗಲ್ಲ. ಅದು ಕೋಡ್ ಬರೆಯುತ್ತದೆ, ಟೆಸ್ಟ್ ಬರೆಯುತ್ತದೆ, ಟಿಕೆಟ್ ಓದಿ ಉತ್ತರ ಸೂಚಿಸುತ್ತದೆ. ಸೇವಾ ಕಂಪನಿ ಬಿಲ್ ಮಾಡುವುದು ಇಷ್ಟು ಜನ, ಇಷ್ಟು ಗಂಟೆ ಎಂಬ ಲೆಕ್ಕದಲ್ಲಿ. ಗಂಟೆಗಳನ್ನೇ ಕರಗಿಸುವ ಸರಕನ್ನು ತನ್ನ ಗಿರಾಕಿಗೆ ತಾನೇ ಪರಿಚಯಿಸಿಕೊಟ್ಟರೆ, ಮುಂದಿನ ಸಲ ಕಾಂಟ್ರ್ಯಾಕ್ಟ್ ನವೀಕರಣದ ಮೇಜಿನಲ್ಲಿ ಆ ಗಿರಾಕಿ ಕೇಳುವುದೇ ರಿಯಾಯಿತಿ. ಇದು ಕಂಪನಿಗಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ನಾವು ಪರಿಚಯಿಸದಿದ್ದರೆ ಪಕ್ಕದವನು ಪರಿಚಯಿಸುತ್ತಾನೆ ಎಂಬ ಭಯವೇ ಸಹಿ ಹಾಕಿಸುತ್ತಿದೆ.

ಸಾಧನದ ಒಡೆಯನಾದ ಆಪಲ್ ಪಾಲುದಾರರನ್ನು ಹೇಗೆ ನೋಡುತ್ತದೆ ಎಂಬುದಕ್ಕೆ ಹೊಸ ಉದಾಹರಣೆಯೂ ಸಿಕ್ಕಿದೆ. 2024ರ ಜೂನ್‌ನಲ್ಲಿ ಓಪನ್‌ಎಐ ಜತೆ ಕೂಡಿಕೆ ಘೋಷಿಸಿ, ವರ್ಷಾಂತ್ಯಕ್ಕೆ ತನ್ನ ಧ್ವನಿ ಸಹಾಯಕ ‘ಸಿರಿ’ಯೊಳಗೆ ಚಾಟ್‌ಜಿಪಿಟಿ ಸೇರಿಸಿತು. 2026ರ ಜನವರಿಯಲ್ಲಿ, ತನ್ನ ಮುಂದಿನ ಎಐ ಮಾದರಿಗಳಿಗೆ ಗೂಗಲ್‌ನ ಜೆಮಿನಿಯನ್ನು ಆಧಾರವಾಗಿ ಬಳಸುವ ಬಹುವರ್ಷದ ಒಪ್ಪಂದವನ್ನು ಗೂಗಲ್ ಜತೆ ಮಾಡಿಕೊಂಡಿತು. ಐಬಿಎಂ ಆದ ಮೇಲೆ ಸಿಸ್ಕೊ, ಸ್ಯಾಪ್ ಬಂದ ಕಥೆಯೇ. ಗ್ರಾಹಕ ಯಾರ ಪರದೆ ಮುಟ್ಟುತ್ತಾನೋ ಅವರು ಪಾಲುದಾರರನ್ನು ಬದಲಿಸಬಲ್ಲರು. ಪರದೆಯ ಹಿಂದಿರುವವರಿಗೆ ಆ ಸವಲತ್ತಿಲ್ಲ.

ಸೇವಾ ಕಂಪನಿಗಳ ಕೈಯಲ್ಲಿ ಉಳಿದಿರುವುದು ಗಿರಾಕಿಯ ಮನೆಯೊಳಗಿನ ಗುಟ್ಟು. ಯಾವ ಬ್ಯಾಂಕಿನ ಯಾವ ಹಳೆಯ ಪ್ರೋಗ್ರಾಂ ತಿಂಗಳ ಕೊನೆಯ ದಿನ ಮಾತ್ರ ತಪ್ಪು ಲೆಕ್ಕ ಕೊಡುತ್ತದೆ, ಯಾವ ವಿಮೆ ಕಂಪನಿಯಲ್ಲಿ ನಿಯಮ ಪುಸ್ತಕಕ್ಕೂ ನಡೆಯುವ ಪದ್ಧತಿಗೂ ಸಂಬಂಧವಿಲ್ಲ ಎಂಬಂಥ ತಿಳಿವಳಿಕೆ. ಎಐ ಒಪ್ಪಂದಗಳಲ್ಲಿ ನೋಡಬೇಕಾದ್ದು ಲೈಸೆನ್ಸ್‌ಗಳ ಸಂಖ್ಯೆಯನ್ನಲ್ಲ, ಈ ತಿಳಿವಳಿಕೆ ಯಾರ ಬಳಿ ದಾಖಲಾಗುತ್ತದೆ ಎಂಬುದನ್ನು. ಗಿರಾಕಿಯ ಕಚೇರಿಯಲ್ಲಿ ಕೂತು ಕೆಲಸ ಮಾಡುವಾಗ ಹುಟ್ಟುವ ಸೂಚನೆ, ತಿದ್ದುಪಡಿ, ಲಾಗ್‌ಗಳ ಮೇಲೆ ಹಕ್ಕು ಗಿರಾಕಿಯದೋ, ಸೇವಾ ಕಂಪನಿಯದೋ, ಎಐ ಕಂಪನಿಯದೋ? ಸಾಧನ ತಪ್ಪು ಮಾಡಿ ನಷ್ಟವಾದರೆ ದಂಡ ಕಟ್ಟುವವರು ಯಾರು? ಪತ್ರಿಕಾ ಪ್ರಕಟಣೆಯಲ್ಲಿ ಇವು ಬರುವುದಿಲ್ಲ. ತ್ರೈಮಾಸಿಕ ಫಲಿತಾಂಶದ ದಿನ ವಿಶ್ಲೇಷಕರು ಫೋನ್ ಕರೆಯಲ್ಲಿ ಕಂಪನಿಗಳನ್ನು ಪ್ರಶ್ನಿಸುವ ಹೊತ್ತಿದೆಯಲ್ಲ, ಎಷ್ಟು ಜನಕ್ಕೆ ತರಬೇತಿ ಕೊಟ್ಟಿರಿ ಎಂಬುದನ್ನು ಬಿಟ್ಟು ಇವನ್ನು ಅಲ್ಲಿ ಕೇಳಬಹುದು. ಜತೆಗೆ ಇನ್ನೊಂದು: ಹಳೆಯ ಗಿರಾಕಿಗಳ ನವೀಕರಣದಲ್ಲಿ ಬಿಲ್ ದರ ಎಷ್ಟು ಇಳಿಯಿತು?